ಕಡಲಿಗೆ ಬಳಿಯುವ ಬಣ್ಣ ಯಾವುದು?

ಸಮುದ್ರದ ಚಿತ್ರ ಬರೆಯಲು ಹೇಳಿದರೆ ಮಕ್ಕಳ ಕೈ ತಾನಾಗಿ ನೀಲಿ ಬಳಪದತ್ತ ಹೋಗುತ್ತದೆ. ಮೇಲೆ ತಿಳಿನೀಲಿ ಆಕಾಶ, ಕೆಳಗೆ ಕಡುನೀಲಿ ಕಡಲು, ನಡುವೆ ಒಂದು ಗೆರೆ, ಗೆರೆಯ ಮೇಲೊಂದು ಹಡಗು. ಕಂಪ್ಯೂಟರ್ ಆಟಗಳೂ ಮೊದಮೊದಲು ಬರೆದದ್ದು ಇದೇ ಚಿತ್ರವನ್ನು. 1985ರಲ್ಲಿ ಬಂದ ‘ಸೈಲೆಂಟ್ ಸರ್ವಿಸ್’ ಜಲಾಂತರ್ಗಾಮಿ ಯುದ್ಧದ ಆಟ. ಅದು ಓಡುತ್ತಿದ್ದ ಯಂತ್ರಗಳಲ್ಲಿ ಒಂದಾದ ಕಾಮಡೋರ್ 64ರ ಬಳಿ ಇದ್ದುದು ಒಟ್ಟು 16 ಬಣ್ಣ. ಹಡಗು, ಆಕಾಶ, ಬೆಂಕಿ, ಹೊಗೆ ಎಲ್ಲವೂ ಅಷ್ಟರಲ್ಲೇ ಮುಗಿಯಬೇಕು. ಕಡಲಿನ ಪಾಲಿಗೆ ಬಂದದ್ದು ಒಂದು ನೀಲಿ ಪಟ್ಟಿ. ಅಂದಿಗೆ ಅಷ್ಟು ಸಾಕಾಗಿತ್ತು.

ಇಂದಿನ ಸಾಮಾನ್ಯ ಪರದೆ ಕೂಡ 1 ಕೋಟಿ 67 ಲಕ್ಷಕ್ಕೂ ಹೆಚ್ಚು ಬಣ್ಣಗಳನ್ನು ತೋರಿಸಬಲ್ಲದು. ಬಣ್ಣಕ್ಕೆ ಬರವಿಲ್ಲ. ಬರ ಇರುವುದು ಬೇರೆ ಕಡೆ: ಇಷ್ಟರಲ್ಲಿ ಯಾವುದನ್ನು ಆರಿಸುವುದು? ನೌಕಾಸಮರದ ಆಟಗಳನ್ನು ಆಡುವವರು ಹಡಗಿನ ಫಿರಂಗಿ, ಟಾರ್ಪಿಡೊಗಳ ಬಗ್ಗೆ ಎಷ್ಟು ಚರ್ಚಿಸುತ್ತಾರೋ ನೀರಿನ ಬಣ್ಣದ ಬಗ್ಗೆಯೂ ಅಷ್ಟೇ ಜಗಳವಾಡುತ್ತಾರೆ. ‘ಇದು ಈಜುಕೊಳದ ನೀರು, ಅಟ್ಲಾಂಟಿಕ್ ಅಲ್ಲ’ ಎಂದು ಒಬ್ಬ; ‘ಇಷ್ಟು ಬೂದು ಬಣ್ಣದ ಸಮುದ್ರವನ್ನು ಎಲ್ಲಿಯೂ ಕಂಡಿಲ್ಲ’ ಎಂದು ಇನ್ನೊಬ್ಬ. 2005ರಲ್ಲಿ ಬಂದ ‘ಸೈಲೆಂಟ್ ಹಂಟರ್ 3’ ಎಂಬ ಆಟದಲ್ಲಂತೂ ಆಟಗಾರರೇ ಆಟದ ಕಡತಗಳನ್ನು ಬಿಚ್ಚಿ, ನೀರಿನ ಬಣ್ಣದ ಸಂಖ್ಯೆಗಳನ್ನು ತಿದ್ದಿ, ತಮಗೆ ಒಪ್ಪುವ ಕಡಲನ್ನು ಮಾಡಿಕೊಂಡು ಹಂಚಿಕೊಂಡರು.

ಇದು ಬರೀ ಅಂದಚೆಂದದ ಹಟವೆಂದು ತಳ್ಳಿಹಾಕುವಂತಿಲ್ಲ. ಜಲಾಂತರ್ಗಾಮಿಯ ಕದನವೆಂದರೆ ಕಣ್ಣಾಮುಚ್ಚಾಲೆ. ಯಾರು ಯಾರನ್ನು ಮೊದಲು ಕಂಡರು ಎಂಬುದರ ಮೇಲೆ ಸೋಲು ಗೆಲುವು ನಿಂತಿದೆ. ನಿಜವಾದ ಯುದ್ಧದಲ್ಲಿ ಅದು ಪ್ರಾಣದ ಪ್ರಶ್ನೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿದ್ದ ಬ್ರಿಟಿಷ್ ಜಲಾಂತರ್ಗಾಮಿಗಳಿಗೆ ಕಡುನೀಲಿ ಬಣ್ಣ ಬಳಿಯುತ್ತಿದ್ದರು. ಅಲ್ಲಿನ ನೀರು ಅಷ್ಟು ತಿಳಿ. ಮುಳುಗಿ ಸಾಗುವ ದೋಣಿಯ ನೆರಳು ಕೂಡ ಮೇಲೆ ಹಾರುವ ವಿಮಾನಕ್ಕೆ ಕಾಣುವ ಅಪಾಯವಿತ್ತು. ಉತ್ತರ ಅಟ್ಲಾಂಟಿಕ್‌ನ ಮಬ್ಬು ನೀರಿನಲ್ಲಿ ಆ ಭಯ ಕಡಿಮೆ. ಎರಡೂ ಕಡಲಿಗೆ ಒಂದೇ ನೀಲಿಯನ್ನು ಬಳಿದ ಆಟ ಆಟಗಾರನಿಗೆ ತಪ್ಪು ಸಮುದ್ರವನ್ನು ಕಲಿಸುತ್ತದೆ.

ಹಾಗಾದರೆ ಸರಿಯಾದ ಬಣ್ಣ ಯಾವುದು? ಕಡಲಿಗೆ ಬಟ್ಟೆಗಿರುವಂತೆ ಒಂದು ಬಣ್ಣವಿಲ್ಲ. ಎಲ್ಲೆಲ್ಲಿಂದಲೋ ಬಂದ ಬೆಳಕುಗಳ ಮೊತ್ತ ಅಲ್ಲಿ ಕಾಣುತ್ತದೆ. ಆ ಬೆಳಕುಗಳನ್ನು ಬೇರೆ ಬೇರೆಯಾಗಿ ಎಣಿಸಲು ಕಲಿತ ದಿನ ಕಂಪ್ಯೂಟರಿನ ಕಡಲಿಗೆ ಜೀವ ಬಂತು.

ಮೊದಲ ಬೆಳಕು: ಕನ್ನಡಿ

ಬಾವಿಯ ಕಟ್ಟೆಯಿಂದ ನೇರ ಕೆಳಗೆ ಇಣುಕಿದರೆ ನೀರು ಕಪ್ಪಾಗಿ, ಆಳವಾಗಿ ಕಾಣುತ್ತದೆ. ಕೆರೆಯ ಏರಿಯ ಮೇಲೆ ನಿಂತು ಆಚೆ ದಡದತ್ತ ನೋಡಿದರೆ ಅದೇ ನೀರು ಕನ್ನಡಿಯಂತೆ ಆಕಾಶವನ್ನು ತೋರಿಸುತ್ತದೆ. ಎರಡೂ ನೀರೇ; ಬದಲಾದದ್ದು ನೋಡುವ ಕೋನ.

ಇದರ ಲೆಕ್ಕವನ್ನು ಫ್ರಾನ್ಸಿನ ಭೌತವಿಜ್ಞಾನಿ ಆಗಸ್ಟಿನ್ ಫ್ರೆನೆಲ್ 19ನೇ ಶತಮಾನದ ಮೊದಲ ಭಾಗದಲ್ಲಿಯೇ ಕೊಟ್ಟಿದ್ದಾನೆ. ನೇರ ಮೇಲಿನಿಂದ ನೋಡಿದಾಗ ನೀರಿನ ಮೈ ಪ್ರತಿಫಲಿಸುವ ಬೆಳಕು 100ರಲ್ಲಿ ಕೇವಲ 2 ಪಾಲು. ಲಂಬರೇಖೆಯಿಂದ 60 ಡಿಗ್ರಿ ಓರೆಯಾಗಿ ನೋಡಿದರೆ ಸುಮಾರು 6 ಪಾಲು. 80 ಡಿಗ್ರಿಯಲ್ಲಿ ಹತ್ತಿರ ಹತ್ತಿರ 35 ಪಾಲು. ನೀರಿನ ಮೈಗೆ ಸವರಿದಂತೆ ನೋಟ ಹಾಯಿಸಿದರೆ ಬಹುಪಾಲು ಬೆಳಕು ಪ್ರತಿಫಲನದ್ದೇ. ಆದ್ದರಿಂದ ಹಡಗಿನ ಪಕ್ಕದಲ್ಲಿ ಕಡುವಾಗಿ ಕಾಣುವ ಕಡಲು ದೂರ ಹೋದಂತೆ ಆಕಾಶದ ಬಣ್ಣಕ್ಕೆ ತಿರುಗುತ್ತದೆ. ಮೋಡ ಕವಿದ ದಿನ ಸಮುದ್ರ ಸೀಸದಂತೆ ಬೂದಾಗುವುದೂ, ಸಂಜೆ ಕೆಂಪಾಗುವುದೂ ಇದೇ ಕಾರಣಕ್ಕೆ.

ಅಲೆಗಳು ಈ ಲೆಕ್ಕವನ್ನು ಇನ್ನಷ್ಟು ಸ್ವಾರಸ್ಯಗೊಳಿಸುತ್ತವೆ. ಪ್ರತಿ ಅಲೆಗೂ ನೋಡುಗನ ಕಡೆಗೆ ವಾಲಿದ ಒಂದು ಮುಖ, ಆಚೆಗೆ ವಾಲಿದ ಒಂದು ಮುಖ ಇರುತ್ತವೆ. ಈಚೆ ಮುಖ ಕಡಿಮೆ ಪ್ರತಿಫಲಿಸುತ್ತದೆ, ಅಲ್ಲಿ ಒಳಗಿನ ನೀರು ಕಾಣುತ್ತದೆ. ದಿಗಂತದ ಬಳಿಯೂ ಕಡಲು ಆಕಾಶಕ್ಕಿಂತ ತುಸು ಕಪ್ಪಾಗಿ, ನಡುವೆ ಗೆರೆ ಎಳೆದಂತೆ ಕಾಣುವುದು ಈ ವಾಲಿದ ಮುಖಗಳಿಂದಲೇ. ಅಲೆಯೇ ಇಲ್ಲದ ಸಪಾಟು ನೀರಿಗೆ ಪ್ರತಿಫಲನ ಕೊಟ್ಟರೆ ಆಟದ ದಿಗಂತ ಆಕಾಶದಲ್ಲಿ ಕರಗಿಹೋಗುತ್ತದೆ.

ಫ್ರೆನೆಲನ ಪೂರ್ಣ ಸಮೀಕರಣ ಕಂಪ್ಯೂಟರಿಗೆ ತುಸು ಭಾರ. 1994ರಲ್ಲಿ ಕ್ರಿಸ್ಟೋಫ್ ಶ್ಲಿಕ್ ಅದಕ್ಕೊಂದು ಹಗುರವಾದ ಬದಲಿ ಸೂತ್ರ ಕೊಟ್ಟರು. ಕೋನದ ಕೋಸೈನನ್ನು 1ರಿಂದ ಕಳೆಯಿರಿ, ಉಳಿದದ್ದನ್ನು ಐದನೇ ಘಾತಕ್ಕೆ ಏರಿಸಿ, 0.98ರಿಂದ ಗುಣಿಸಿ 0.02 ಸೇರಿಸಿ. ನೀರಿನ ಪ್ರತಿಫಲನದ ಅಂದಾಜು ಸಿಕ್ಕಿತು. 60 ಡಿಗ್ರಿಗೆ ಇದು ಸುಮಾರು 5 ಪಾಲು ಎನ್ನುತ್ತದೆ. ನಿಜ ಸುಮಾರು 6. ಆಟಕ್ಕೆ ಇಷ್ಟು ಸಾಕು. ಹೈಸ್ಕೂಲಿನ ತ್ರಿಕೋನಮಿತಿ ಯಾವ ಕೆಲಸಕ್ಕೆ ಬರುತ್ತದೆ ಎಂದು ಕೇಳುವ ಹುಡುಗರಿಗೆ ಇದೊಂದು ಉತ್ತರ.

ಎರಡನೇ ಬೆಳಕು: ಒಳಗಿನಿಂದ ಬಂದದ್ದು

ಕಡಲಿನ ನೀಲಿ ಬರೀ ಆಕಾಶದ ಪ್ರತಿಬಿಂಬವೇ? 20ನೇ ಶತಮಾನದ ಆರಂಭದಲ್ಲಿ ದೊಡ್ಡ ವಿಜ್ಞಾನಿಗಳೂ ಹಾಗೆಂದೇ ನಂಬಿದ್ದರು. ಆಕಾಶದ ನೀಲಿಯನ್ನು ವಿವರಿಸಿದ ಲಾರ್ಡ್ ರ್‍ಯಾಲೆ ಅವರ ಅಭಿಪ್ರಾಯವೂ ಅದೇ ಆಗಿತ್ತು.

1921ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಸಿ.ವಿ. ರಾಮನ್ ಇಂಗ್ಲೆಂಡಿನಿಂದ ‘ನಾರ್ಕುಂಡ’ ಹಡಗಿನಲ್ಲಿ ಮುಂಬಯಿಗೆ ಮರಳುತ್ತಿದ್ದರು. ಮೆಡಿಟರೇನಿಯನ್ ಸಮುದ್ರದ ದಟ್ಟ ನೀಲಿ ಅವರನ್ನು ಹಿಡಿದು ನಿಲ್ಲಿಸಿತು. ಜೊತೆಯಲ್ಲಿ ನಿಕಲ್ ಪ್ರಿಸಂ ಎಂಬ ಪುಟ್ಟ ಉಪಕರಣವಿತ್ತು. ನೀರಿನಿಂದ ಸುಮಾರು 53 ಡಿಗ್ರಿ ಕೋನದಲ್ಲಿ ಪ್ರತಿಫಲಿಸುವ ಬೆಳಕು ಒಂದೇ ಸಮತಲದಲ್ಲಿ ಕಂಪಿಸುತ್ತದೆ; ಇದಕ್ಕೆ ಧ್ರುವೀಕರಣ ಎಂದು ಹೆಸರು. ಪ್ರಿಸಮ್ಮನ್ನು ಸರಿಯಾಗಿ ತಿರುಗಿಸಿ ಹಿಡಿದರೆ ಆ ಬೆಳಕನ್ನು ಪೂರ್ತಿ ತಡೆಯಬಹುದು. ರಾಮನ್ ಹಾಗೆಯೇ ಮಾಡಿದರು. ಕನ್ನಡಿ ಅಳಿಸಿಹೋಯಿತು. ನೀಲಿ ಮಾತ್ರ ಉಳಿಯಿತು. ಉಳಿದದ್ದಷ್ಟೇ ಅಲ್ಲ, ಇನ್ನೂ ಗಾಢವಾಯಿತು!

ಹಡಗು ಮುಂಬಯಿ ರೇವಿಗೆ ಬರುವಷ್ಟರಲ್ಲಿ ‘ನೇಚರ್’ ಪತ್ರಿಕೆಗೆ ಅವರ ಪತ್ರ ಸಿದ್ಧವಾಗಿತ್ತು. ನೀರಿನ ಅಣುಗಳೇ ಬೆಳಕನ್ನು ಚದರಿಸುತ್ತವೆ ಎಂಬುದು ಅದರ ಸಾರ. ದ್ರವಗಳಲ್ಲಿ ಬೆಳಕಿನ ಚದರಿಕೆಯನ್ನು ಹಿಡಿದು ಹೊರಟ ಆ ದಾರಿ 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮದ ಶೋಧಕ್ಕೂ, 1930ರ ನೊಬೆಲ್ ಬಹುಮಾನಕ್ಕೂ ಮುಟ್ಟಿತು. 1933ರಲ್ಲಿ ಬೆಂಗಳೂರಿಗೆ ಬಂದ ರಾಮನ್ ಕೊನೆಯವರೆಗೂ ಇಲ್ಲಿಯೇ ಉಳಿದರು.

ಚದರಿಕೆಯ ಜೊತೆಗೆ ಇನ್ನೊಂದು ಕಾರಣವೂ ಇದೆ. ಅದರ ಪಾಲೇ ದೊಡ್ಡದು ಎಂಬುದು ಈಗ ಸ್ಪಷ್ಟವಾಗಿದೆ. ನೀರು ಕೆಂಪು ಬೆಳಕನ್ನು ಹೀರುತ್ತದೆ. ನೀರಿನ ಅಣುವಿನಲ್ಲಿ ಹೈಡ್ರೊಜನ್ ಮತ್ತು ಆಕ್ಸಿಜನ್ ಪರಮಾಣುಗಳು ಸ್ಪ್ರಿಂಗಿನಿಂದ ಕಟ್ಟಿದಂತೆ ಕಂಪಿಸುತ್ತಿರುತ್ತವೆ. ಆ ಕಂಪನ ಕೆಂಪು ಬೆಳಕಿನ ಶಕ್ತಿಯನ್ನು ತುಸು ತುಸುವೇ ಕದಿಯುತ್ತದೆ. ಶುದ್ಧ ನೀರಿನಲ್ಲಿ 10 ಮೀಟರ್ ಸಾಗಿದ ಮೇಲೆ ಕೆಂಪು ಬೆಳಕು ಉಳಿಯುವುದು 100ರಲ್ಲಿ ಸುಮಾರು 3 ಪಾಲು. ನೀಲಿ ಬೆಳಕು 90ಕ್ಕೂ ಹೆಚ್ಚು ಪಾಲು. ಹೈಡ್ರೊಜನ್ನಿನ ಬದಲು ಅದರ ತೂಕದ ಸೋದರ ಡ್ಯುಟೀರಿಯಂ ಇರುವ ‘ಭಾರಜಲ’ಕ್ಕೆ ಈ ನೀಲಿ ಛಾಯೆ ಇಲ್ಲ. ಪರಮಾಣು ಭಾರವಾದರೆ ಕಂಪನ ನಿಧಾನವಾಗುತ್ತದೆ. ಕದಿಯುವ ಬೆಳಕು ಕಣ್ಣಿಗೆ ಕಾಣದ ಅವಕೆಂಪಿನತ್ತ ಸರಿಯುತ್ತದೆ.

ಹೀಗೆ ಹೀರಿಕೆ ಕೆಂಪನ್ನು ಕಳೆಯುತ್ತದೆ, ಚದರಿಕೆ ಉಳಿದ ನೀಲಿಯನ್ನು ಮೇಲಕ್ಕೆ ಮರಳಿಸುತ್ತದೆ. ಲೋಟದ ನೀರಿಗೆ ಬಣ್ಣವಿಲ್ಲದಿರುವುದು ಬೆಳಕಿಗೆ ಅಲ್ಲಿ ಅಷ್ಟು ದೂರ ಸಾಗಲು ಜಾಗವಿಲ್ಲದ್ದರಿಂದ.

ಎಲ್ಲ ಕಡಲೂ ನೀಲಿಯೇ?

ಶುದ್ಧ ನೀರಿನ ಲೆಕ್ಕ ಇಷ್ಟಾಯಿತು. ಸಮುದ್ರದ ನೀರು ಶುದ್ಧವಲ್ಲ. ಅದರಲ್ಲಿ ಕೋಟ್ಯಂತರ ಸಸ್ಯಪ್ಲವಕಗಳು, ಅಂದರೆ ಕಣ್ಣಿಗೆ ಕಾಣದ ತೇಲುಸಸ್ಯಗಳು ಇರುತ್ತವೆ. ಅವುಗಳ ಪತ್ರಹರಿತ್ತು ನೀಲಿಯನ್ನೂ ಕೆಂಪನ್ನೂ ಹೀರಿ ಹಸಿರನ್ನು ಬಿಡುತ್ತದೆ. ಕೊಳೆತ ಎಲೆ, ಪಾಚಿಗಳಿಂದ ಕರಗಿ ಬರುವ ಹಳದಿ ವಸ್ತು ನೀಲಿಯನ್ನು ನುಂಗುತ್ತದೆ. ನದಿಗಳು ತರುವ ಹೂಳು ಎಲ್ಲ ಬಣ್ಣಗಳನ್ನೂ ಚದರಿಸಿ ನೀರನ್ನು ಮಣ್ಣಿನ ಬಣ್ಣಕ್ಕೆ ತಿರುಗಿಸುತ್ತದೆ. ಮಳೆಗಾಲದಲ್ಲಿ ನೇತ್ರಾವತಿ ಮಂಗಳೂರಿನ ಬಳಿ ಕಡಲು ಸೇರುವಲ್ಲಿ ನಿಂತವರಿಗೆ ಸಮುದ್ರ ನೀಲಿ ಎಂದರೆ ನಗು ಬಂದೀತು. ಅಲ್ಲಿ ಕಾಣುವುದು ಕೆಸರುಗೆಂಪು. ಅದೇ ಜಾಗ ಬೇಸಗೆಯಲ್ಲಿ ಬೇರೆ.

ನೀರಿನ ಈ ಗುಣಭೇದವನ್ನು ಸ್ವೀಡನ್ನಿನ ಸಾಗರವಿಜ್ಞಾನಿ ನಿಲ್ಸ್ ಯೆರ್ಲೊವ್ ವರ್ಗೀಕರಿಸಿದರು. ಬೆಳಕು ಎಷ್ಟು ಆಳಕ್ಕೆ ಇಳಿಯುತ್ತದೆ, ಯಾವ ಬಣ್ಣ ಮೊದಲು ಸೋಲುತ್ತದೆ ಎಂಬುದನ್ನು ಅಳೆದು ತೆರೆದ ಸಾಗರಕ್ಕೆ ಐದು, ಕರಾವಳಿಗೆ ಐದು ಮಾದರಿಗಳನ್ನು ಗುರುತಿಸಿದರು. ಆಟ ತಯಾರಿಸುವವರಿಗೆ ಇದು ಸಿದ್ಧ ಪಾಕಪಟ್ಟಿ. ಪರದೆಯ ಬಣ್ಣವೆಂದರೆ ಕೆಂಪು, ಹಸಿರು, ನೀಲಿ ಎಂಬ ಮೂರು ಸಂಖ್ಯೆಗಳು ತಾನೆ? ಪ್ರತಿ ಮೀಟರ್ ಆಳಕ್ಕೆ ಈ ಮೂರರಲ್ಲಿ ಯಾವುದು ಎಷ್ಟು ಕಡಿಮೆಯಾಗುತ್ತದೆ ಎಂಬುದನ್ನು ಬರೆದಿಟ್ಟರೆ ಸರಿ. ಪೆಸಿಫಿಕ್‌ನ ನಡುನೀರಿಗೆ ಒಂದು ಪಟ್ಟಿ, ಹಡಗುಗಳು ಕಾದಾಡುವ ಉತ್ತರ ಸಮುದ್ರಕ್ಕೆ ಇನ್ನೊಂದು. ತಳ ಮೇಲೆದ್ದಂತೆ ನೀರು ತಿಳಿಹಸಿರಾಗುವುದೂ ಈ ಲೆಕ್ಕದಿಂದ ತಾನಾಗಿಯೇ ಬರುತ್ತದೆ. ಹವಳದ ದ್ವೀಪಗಳ ನಡುವೆ ದೋಣಿ ನಡೆಸುವವರು ಆ ಬಣ್ಣವನ್ನು ಓದಿಯೇ ಆಳವನ್ನು ಊಹಿಸುತ್ತಾರೆ: ಕಡುನೀಲಿ ಕಂಡಲ್ಲಿ ಆಳ, ತಿಳಿಹಸಿರು ಕಂಡಲ್ಲಿ ಎಚ್ಚರ. ಎಲ್ಲೆಡೆ ಒಂದೇ ಬಣ್ಣ ಬಳಿದ ಆಟದಲ್ಲಿ ಈ ವಿದ್ಯೆಗೆ ಜಾಗವೇ ಇಲ್ಲ.

ಕೆರಿಬಿಯನ್ನಿನ ದಡದಲ್ಲಿ ಬೆಳೆದ ಆಟಗಾರನೂ ಸ್ಕಾಟ್ಲೆಂಡಿನ ಆಟಗಾರನೂ ನೀರಿನ ಬಣ್ಣಕ್ಕೆ ಜಗಳವಾಡಿದರೆ ಇಬ್ಬರೂ ಸರಿ ಎನ್ನುವುದು ಇದಕ್ಕೇ.

ಮೂರನೆಯದು: ಅಲೆ ಮತ್ತು ನೊರೆ

ಬೆಳಕಿನ ಲೆಕ್ಕ ಎಷ್ಟು ಸರಿಯಾದರೂ ಅದು ಬೀಳುವ ಮೈ ತಪ್ಪಾದರೆ ಫಲವಿಲ್ಲ. ಅಲೆಯ ಆಕಾರವನ್ನು ಗಣಿತದಲ್ಲಿ ಹಿಡಿದವರಲ್ಲಿ ಪ್ರಾಗ್ ನಗರದ ಗೆರ್ಸ್ಟ್‌ನರ್ ಮೊದಲಿಗರು. 1802ರ ಅವರ ಸಿದ್ಧಾಂತದಲ್ಲಿ ನೀರಿನ ಪ್ರತಿ ಕಣವೂ ವೃತ್ತದಲ್ಲಿ ಸುತ್ತುತ್ತದೆ. ಅದರಿಂದ ಅಲೆಯ ತಲೆ ಚೂಪಾಗಿ, ತಗ್ಗು ಅಗಲವಾಗಿ ಕಾಣುತ್ತದೆ. ಒಂದೆರಡು ಅಲೆಗೆ ಇದು ಚೆನ್ನ. ಸಾವಿರಾರು ಅಲೆಗಳು ಒಂದರ ಮೇಲೊಂದು ಏರುವ ಸಾಗರಕ್ಕೆ?

ಅದಕ್ಕೆ ಉತ್ತರ ಸಿನಿಮಾದಿಂದ ಬಂತು. 1995ರ ‘ವಾಟರ್‌ವರ್ಲ್ಡ್’ ಮತ್ತು 1997ರ ‘ಟೈಟಾನಿಕ್’ ಚಿತ್ರಗಳಲ್ಲಿ ಕಂಪ್ಯೂಟರ್ ಹುಟ್ಟಿಸಿದ ಕಡಲಿದೆ. ಅದರ ಹಿಂದಿನ ವಿಧಾನವನ್ನು ಅಮೆರಿಕದ ಜೆರ್ರಿ ಟೆಸೆನ್‌ಡಾರ್ಫ್ ತಮ್ಮ ಪಾಠಟಿಪ್ಪಣಿಗಳಲ್ಲಿ ಎಲ್ಲರಿಗೂ ತಿಳಿಯುವಂತೆ ಬರೆದಿಟ್ಟರು. ಗಾಳಿಯ ವೇಗ ಇಷ್ಟಿದ್ದರೆ ಯಾವ ಉದ್ದದ ಅಲೆ ಎಷ್ಟು ಬಲವಾಗಿರುತ್ತದೆ ಎಂಬುದು ಸಾಗರವಿಜ್ಞಾನಿಗಳು ಅಳೆದು ಕೊಟ್ಟ ಮಾಹಿತಿ. ಆ ಅಲೆಗಳನ್ನೆಲ್ಲ ಫೂರಿಯರ್ ಗಣಿತದ ತ್ವರಿತ ವಿಧಾನದಿಂದ ಒಮ್ಮೆಲೇ ಕೂಡಿಸಲಾಗುತ್ತದೆ. ಅಡ್ಡ 512, ಉದ್ದ 512 ಬಿಂದುಗಳ ಒಂದು ಚೌಕವೆಂದರೆ 2,62,144 ಬಿಂದುಗಳ ಎತ್ತರ. ಸಿನಿಮಾದವರಿಗೆ ಒಂದೊಂದು ಚಿತ್ರಕ್ಕೂ ಬೇಕಾದಷ್ಟು ಸಮಯ ಕೊಡಲು ಬಿಡುವಿತ್ತು. ಆಟದ ಯಂತ್ರ ಸೆಕೆಂಡಿಗೆ 60 ಚಿತ್ರ ತೋರಿಸಬೇಕು; ಅಂದರೆ ಒಂದಕ್ಕೆ ಸಿಗುವುದು ಸೆಕೆಂಡಿನ 60ರಲ್ಲಿ 1 ಪಾಲು. ಇಂದಿನ ಯಂತ್ರಗಳು ಅಷ್ಟರಲ್ಲೇ ಈ ಕೆಲಸ ಮುಗಿಸುತ್ತವೆ.

ಅಲೆಗಳ ಅಳತೆಗಳಲ್ಲಿ ಹೆಸರಾದದ್ದು 1968–69ರಲ್ಲಿ ಉತ್ತರ ಸಮುದ್ರದಲ್ಲಿ ನಡೆದ ‘ಜಾನ್‌ಸ್ವ್ಯಾಪ್’ ಯೋಜನೆ. ಅದರ ಫಲಿತಾಂಶವನ್ನು 1973ರಲ್ಲಿ ಪ್ರಕಟಿಸಿದವರಲ್ಲಿ ಪ್ರಮುಖರಾದ ಕ್ಲಾಸ್ ಹ್ಯಾಸೆಲ್‌ಮನ್ ಅವರಿಗೆ 2021ರಲ್ಲಿ, ಹವಾಮಾನ ಕುರಿತ ಸಂಶೋಧನೆಗಾಗಿ, ಭೌತವಿಜ್ಞಾನದ ನೊಬೆಲ್ ದೊರೆಯಿತು.

ಇನ್ನು ನೊರೆ. ಗಾಳಿಗುಳ್ಳೆಗಳು ಎಲ್ಲ ಬಣ್ಣಗಳನ್ನೂ ಸಮನಾಗಿ ಚದರಿಸುವುದರಿಂದ ಅದು ಬಿಳಿ. ಗಾಳಿಯ ಬಲವನ್ನು ಅಳೆಯುವ ಬೋಫರ್ಟ್ ಮಾನದಲ್ಲಿ 3ನೇ ಅಂಕಕ್ಕೆ ಅಲ್ಲಲ್ಲಿ ಬೆಳ್ನೊರೆ ಕಾಣತೊಡಗುತ್ತದೆ. ತಂಗಾಳಿಯಲ್ಲೂ ಕಡಲಿಡೀ ನೊರೆ ತುಂಬಿದ ಆಟವನ್ನು ನಾವಿಕ ಒಂದೇ ನೋಟಕ್ಕೆ ಹಿಡಿದುಬಿಡುತ್ತಾನೆ.

ನಿಜವೆಂದರೆ ಯಾವುದು?

2018ರಲ್ಲಿ ಬಂದ ‘ಸೀ ಆಫ್ ಥೀವ್ಸ್’ ಕಡಲ್ಗಳ್ಳರ ಆಟ. ಅದರ ನೀರು ಯಾವ ಛಾಯಾಚಿತ್ರದಂತೆಯೂ ಇಲ್ಲ. ಚಿತ್ರಕಾರನ ಕುಂಚದಿಂದ ಇಳಿದ ಪಚ್ಚೆಯ ಹಾಗಿದೆ. ಆದರೂ ಆ ಕಡಲನ್ನು ಮೆಚ್ಚದವರು ಕಡಿಮೆ. ಬಣ್ಣ ಅತಿರಂಜಿತವಾದರೂ ಬೆಳಕು ಅಲ್ಲಿ ತನ್ನ ನಿಯಮ ಬಿಟ್ಟಿಲ್ಲ. ಅಲೆಯ ತೆಳುವಾದ ತಲೆಯ ಹಿಂದೆ ಸೂರ್ಯನಿದ್ದರೆ ಅದು ಒಳಗಿನಿಂದ ಹೊಳೆಯುತ್ತದೆ, ನಿಜವಾದ ಅಲೆಯಂತೆಯೇ. ಇನ್ನೊಂದು ಆಟದಲ್ಲಿ ಛಾಯಾಚಿತ್ರದಿಂದ ಎತ್ತಿದ ಬಣ್ಣವನ್ನೇ ಬಳಿದಿದ್ದರೂ ಬೆಳಗ್ಗೆ, ಮಧ್ಯಾಹ್ನ, ಬಿರುಗಾಳಿ ಎಲ್ಲಕ್ಕೂ ಅದೇ ಬಣ್ಣವಾದರೆ ಅದು ಪ್ಲಾಸ್ಟಿಕ್ ಹಾಳೆಯಂತೆ ಕಾಣುತ್ತದೆ. ಛಾಯಾಚಿತ್ರವನ್ನು ನಂಬುವಂತೆಯೂ ಇಲ್ಲ. ಕ್ಯಾಮೆರಾ ಬಿಳಿಯನ್ನು ತನ್ನ ಲೆಕ್ಕದಲ್ಲಿ ತಿದ್ದುತ್ತದೆ, ಪರದೆ ತನ್ನ ಲೆಕ್ಕದಲ್ಲಿ ಹೊಳಪು ಸೇರಿಸುತ್ತದೆ.

ಇದೇ ಲೆಕ್ಕವನ್ನು ತಿರುವುಮುರುವು ಮಾಡಿದರೆ ಅದಕ್ಕೆ ಇನ್ನೂ ದೊಡ್ಡ ಉಪಯೋಗವಿದೆ. ಆಟದವರು ನೀರಿನಲ್ಲಿ ಏನಿದೆ ಎಂದು ಹೇಳಿ ಬಣ್ಣ ಪಡೆಯುತ್ತಾರೆ. ಉಪಗ್ರಹದವರು ಬಣ್ಣ ನೋಡಿ ನೀರಿನಲ್ಲಿ ಏನಿದೆ ಎಂದು ಹೇಳುತ್ತಾರೆ. 1999ರ ಮೇ 26ರಂದು ಇಸ್ರೊ ಹಾರಿಸಿದ ಓಷನ್‌ಸ್ಯಾಟ್-1 ಉಪಗ್ರಹದಲ್ಲಿ ಎಂಟು ಬಣ್ಣಪಟ್ಟಿಗಳಲ್ಲಿ ಕಡಲನ್ನು ನೋಡುವ ಕಣ್ಣಿತ್ತು. 2022ರ ನವೆಂಬರ್ 26ರಂದು ಹಾರಿದ ಓಷನ್‌ಸ್ಯಾಟ್-3ರ ಕಣ್ಣಿಗೆ ಇಂಥ 13 ಪಟ್ಟಿಗಳು. ಅಷ್ಟು ಎತ್ತರದಿಂದ ಕಾಣುವ ಬೆಳಕಿನ ಸುಮಾರು 90 ಪಾಲು ಗಾಳಿಯಿಂದಲೇ ಬಂದದ್ದು. ಅದನ್ನು ಕಳೆದು, ನೀರಿನ ಮೇಲಿನ ಹೊಳಪನ್ನೂ ಕಳೆದು, ರಾಮನ್ ಪ್ರಿಸಂ ಹಿಡಿದು ಮಾಡಿದಂತೆ, ಒಳಗಿನಿಂದ ಬಂದ ಚೂರು ಬೆಳಕನ್ನು ಹುಡುಕಬೇಕು. ಹಸಿರು ಹೆಚ್ಚಿದ್ದಲ್ಲಿ ಸಸ್ಯಪ್ಲವಕ ಹೆಚ್ಚು. ಅದನ್ನು ತಿನ್ನಲು ಬರುವ ಮೀನೂ ಹೆಚ್ಚು. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇದನ್ನೂ ನೀರಿನ ಉಷ್ಣತೆಯನ್ನೂ ಹೊಂದಿಸಿ ಮೀನು ಸಿಗುವ ಜಾಗಗಳ ಸೂಚನೆ ಕೊಡುತ್ತದೆ. ಅದು ಕರ್ನಾಟಕದ ಕರಾವಳಿಗೂ ತಲುಪುತ್ತದೆ. ಬಣ್ಣವನ್ನು ತಪ್ಪಾಗಿ ಓದಿದರೆ ಡೀಸೆಲ್ ಸುಟ್ಟು ಬರಿಗೈಯಲ್ಲಿ ಮರಳುವುದು ಮೀನುಗಾರನ ಪಾಲು.

ಮನೆಯಲ್ಲೇ ಮಾಡಿ ನೋಡಿ

ಇವನ್ನೆಲ್ಲ ತಿಳಿಯಲು ದುಬಾರಿ ಕಂಪ್ಯೂಟರ್ ಬೇಕಿಲ್ಲ. ಪೋಲರಾಯ್ಡ್ ಕನ್ನಡಕವೊಂದು ಸಿಕ್ಕಿದರೆ ಕೆರೆಯನ್ನೋ ನೀರು ತುಂಬಿದ ತೊಟ್ಟಿಯನ್ನೋ ಓರೆಯಾಗಿ ನೋಡಿ, ಕನ್ನಡಕವನ್ನು ನಿಧಾನವಾಗಿ ತಿರುಗಿಸಿ. ಒಂದು ಕಡೆ ಹೊಳಪು ಮಾಯವಾಗಿ ತಳ ಕಾಣುತ್ತದೆ, ಇನ್ನೊಂದು ಕಡೆ ಮತ್ತೆ ಹೊಳಪು. ರಾಮನ್ ಹಡಗಿನಲ್ಲಿ ಮಾಡಿದ ಪ್ರಯೋಗ ಇದೇ. ಗಾಜಿನ ಲೋಟದ ನೀರಿಗೆ ಒಂದೆರಡು ಹನಿ ಹಾಲು ಹಾಕಿ ಕತ್ತಲ ಕೋಣೆಯಲ್ಲಿ ಟಾರ್ಚ್ ಬಿಟ್ಟರೆ ಪಕ್ಕದಿಂದ ತುಸು ನೀಲಿ, ಎದುರಿನಿಂದ ಕಿತ್ತಳೆ ಛಾಯೆ. ಚದರಿಕೆ ಎಂದರೆ ಏನೆಂದು ಅದೇ ಹೇಳುತ್ತದೆ. ಟಾರ್ಚನ್ನು ನೇರ ದಿಟ್ಟಿಸುವ ಬದಲು ಬೆಳಕನ್ನು ಬಿಳಿ ಹಾಳೆಯ ಮೇಲೆ ಬೀಳಿಸಿ ನೋಡುವುದು ಒಳ್ಳೆಯದು. ಊರ ಕೆರೆಯನ್ನು ಒಂದೇ ಜಾಗದಿಂದ ಬೆಳಗ್ಗೆ, ಮಧ್ಯಾಹ್ನ, ಸಂಜೆ ನೋಡಿ ಕಂಡ ಬಣ್ಣವನ್ನು ಒಂದು ವಾರ ಬರೆದಿಟ್ಟರೆ ಪಕ್ಕಾ ಪ್ರಾಜೆಕ್ಟ್ ಆಯಿತು.

ಮಕ್ಕಳು ಪರದೆಯ ಮುಂದೆ ಕೂರುವುದು ಹೆತ್ತವರ ಚಿಂತೆ. ಅದಕ್ಕೆ ಕಾರಣವಿದೆ, ಹೊತ್ತಿಗೆ ಮಿತಿ ಬೇಕೇ ಬೇಕು. ಆದರೆ ಮಗನೋ ಮಗಳೋ ‘ಈ ಆಟದಲ್ಲಿ ನೀರು ಸರಿಯಿಲ್ಲ’ ಎಂದಾಗ ಗದರುವ ಮುನ್ನ ‘ಏಕೆ ಸರಿಯಿಲ್ಲ?’ ಎಂದು ಒಮ್ಮೆ ಕೇಳುವುದು ಲೇಸು. ಉತ್ತರ ಹುಡುಕಲು ಹೊರಟ ಮಗು ಪ್ರತಿಫಲನ, ಹೀರಿಕೆ, ಚದರಿಕೆಗಳ ಪಾಠಕ್ಕೆ ತಾನಾಗಿ ಬಂದು ಸೇರುತ್ತದೆ. ಎಲ್ಲರೂ ‘ಆಕಾಶದ ಪ್ರತಿಬಿಂಬ’ ಎಂದು ಒಪ್ಪಿಕೊಂಡು ಸುಮ್ಮನಿದ್ದ ನೀಲಿಯ ಬಗ್ಗೆ ರಾಮನ್ ಕೇಳಿದ್ದೂ ಅಂಥದೇ ಒಂದು ಪ್ರಶ್ನೆ.